ಮಂಡಿ ಉಳಿದಿತ್ತು

ನನ್ನ ಎಡಗಾಲು ಎರಡು ಸಲ ಹೋಯಿತು. ಮೊದಲ ಸಲ ಗಡಿಯ ಗುಡ್ಡವೊಂದರಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ. ಎರಡನೆಯ ಸಲ ಬೆಳಕವಾಡಿಯ ನಮ್ಮ ಮನೆಯಲ್ಲಿ, ನಿಧಾನವಾಗಿ, ಮನೆಮಂದಿಯೆಲ್ಲ ಅಕ್ಕರೆಯಿಂದ ನೋಡಿಕೊಳ್ಳುತ್ತಿರುವಾಗಲೇ. ಮೊದಲನೆಯದಕ್ಕೆ ಊರಿನವರು ಸರ್ಕಲ್ಲಿನಲ್ಲಿ ನನ್ನ ಫೋಟೊ ಹಾಕಿ ಬ್ಯಾನರ್ ಕಟ್ಟಿದರು. ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾನು ಬರೆಯಲು ಕೂತಿರುವುದು ಅದರ ಬಗ್ಗೆ.

ಧೈರ್ಯ ತುಂಬುವ ಬರಹ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು. ಆಸ್ಪತ್ರೆಯ ಬೆಂಚುಗಳ ಮೇಲೆ ಕಾಯುವಾಗ ಅಂಥವನ್ನು ನಾನೂ ಬೇಕಾದಷ್ಟು ಓದಿದ್ದೇನೆ. ಒಂದೇ ಕಾಲಿನಲ್ಲಿ ಬೆಟ್ಟ ಹತ್ತಿದವರು, ಓಟದಲ್ಲಿ ಪದಕ ಗೆದ್ದವರು. ಅವರಿಗೆ ಒಳ್ಳೆಯದಾಗಲಿ. ನನಗೆ ನಮ್ಮ ಮನೆಯ ಜಗಲಿ ಹತ್ತುವಷ್ಟರಲ್ಲಿ ಸಾಕುಸಾಕಾಗುತ್ತದೆ. ಕಾಲು ಕಳೆದುಕೊಂಡು ಮೂಲೆಯಲ್ಲಿ ಕೂತು "ನನಗೊಬ್ಬನಿಗೇ ಯಾಕೆ ಹೀಗಾಯಿತು" ಎಂದುಕೊಳ್ಳುವವರು ಇರುತ್ತಾರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ. ನಿಮಗೊಬ್ಬರಿಗೇ ಅಲ್ಲ ಎನ್ನುವುದಕ್ಕಿಂತ ಹೆಚ್ಚಿನ ಸಮಾಧಾನ ನನ್ನ ಹತ್ತಿರ ಇಲ್ಲ.

ನಾನು ಸೇನೆಯಲ್ಲಿ ನೆಲಬಾಂಬು ಹೂಳುವ ಮತ್ತು ತೆಗೆಯುವ ದಳದಲ್ಲಿದ್ದೆ. ನಾವು ಅದನ್ನು ಮೈನು ಎನ್ನುತ್ತೇವೆ. ಮನುಷ್ಯರಿಗೆಂದೇ ಮಾಡಿದ ಮೈನು ಬಹಳ ದೊಡ್ಡದೇನಲ್ಲ, ಅಂಗೈ ಮೇಲೆ ಕೂರುತ್ತದೆ. ತರಬೇತಿಯಲ್ಲಿ ನಮ್ಮ ಹವಾಲ್ದಾರರೊಬ್ಬರು ಅದನ್ನು ಎತ್ತಿ ತೋರಿಸಿ, "ಇದು ಕೊಲ್ಲುವುದಕ್ಕೆ ಮಾಡಿದ್ದಲ್ಲ. ಕೊಂದರೆ ಒಬ್ಬ ಹೋಗುತ್ತಾನೆ, ಅಷ್ಟೇ. ಕಾಲು ತೆಗೆದರೆ ಅವನನ್ನು ಹೊರುವುದಕ್ಕೆ ಇನ್ನಿಬ್ಬರು ಬೇಕು" ಎಂದು ಹಿಂದಿಯಲ್ಲಿ ಹೇಳಿದ್ದರು. ನಾವೆಲ್ಲ ತಲೆಯಾಡಿಸಿದೆವು. ಆ ಹೊರುವವರಲ್ಲಿ ಅವ್ವ, ಹೆಂಡತಿಯೂ ಸೇರುತ್ತಾರೆ, ಹೊರುವುದು ಆಸ್ಪತ್ರೆಯ ಬಾಗಿಲಿಗೆ ಮುಗಿಯುವುದಿಲ್ಲ ಎಂಬುದು ಆಗ ಯಾರ ತಲೆಗೂ ಹೋಗಲಿಲ್ಲ.

ಹೂಳುವಾಗ ನಕ್ಷೆ ಬರೆಯುತ್ತೇವೆ, ತಂತಿ ಎಳೆಯುತ್ತೇವೆ, ಕೆಂಪು ಬೋರ್ಡು ನೆಡುತ್ತೇವೆ. ಆದರೆ ಹಿಮ ಕರಗುತ್ತದೆ, ಮಳೆ ಬರುತ್ತದೆ, ಗುಡ್ಡ ಜಾರುತ್ತದೆ. ಮಣ್ಣಿನ ಜೊತೆ ಮೈನೂ ಇಳಿದು ಬರುತ್ತದೆ. ನಮ್ಮಪ್ಪ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದ ಯುದ್ಧದಲ್ಲಿ ಹೂತವು ಇವತ್ತಿಗೂ ಯಾರದೋ ಹೊಲದಲ್ಲಿ ಸಿಗುತ್ತವೆ. ಎಷ್ಟೋ ದೇಶಗಳು ಸೇರಿ ಇನ್ನು ಮೇಲೆ ಇವನ್ನು ಮುಟ್ಟುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿವೆ. ನಮ್ಮ ದೇಶವೂ ಪಕ್ಕದ ದೇಶವೂ ಅದರಲ್ಲಿಲ್ಲ. ಯಾಕೆ ಎಂದು ವಾದ ಮಾಡುವಷ್ಟು ನಾನು ಓದಿಲ್ಲ. ನಾವು ದಿನಾ ನಡೆಯುತ್ತಿದ್ದ ದಾರಿಯಲ್ಲೇ, ಜೋರು ಮಳೆಯ ಮಾರನೆಯ ದಿನ ನಾನು ಒಂದರ ಮೇಲೆ ಕಾಲಿಟ್ಟೆ. ಅದು ನಮ್ಮದೇ ಮೈನು. ನಾನೇ ಹೂತಿದ್ದೋ, ನನಗಿಂತ ಮುಂಚಿನವರು ಹೂತಿದ್ದೋ ತಿಳಿಯದು.

ಊರಿಗೆ ಬಂದ ಮೇಲೆ ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಪಾಕಿಸ್ತಾನದೋರು ಮಡಗಿದ್ದೇನ್ಲಾ?" ಎಂದು. "ಇಲ್ಲ ಕಣಣ್ಣ, ನಮ್ದೇಯ" ಎಂದರೆ ಮುಖ ಚಿಕ್ಕದು ಮಾಡಿಕೊಂಡು ಮಾತು ಬದಲಾಯಿಸುತ್ತಿದ್ದರು. ನಾನು ಅವರ ಬ್ಯಾನರಿಗೆ ಮೋಸ ಮಾಡಿದ ಹಾಗೆ.

ಸೇನೆಯ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಡಾಕ್ಟರು ಹೇಳಿದ ಮೊದಲ ಮಾತು, "ಮಂಡಿ ಉಳಿದಿದೆ" ಎಂದು. ಕಾಲು ಹೋಯಿತು ಎನ್ನಲೇ ಇಲ್ಲ. ನನಗೆ ಸಿಟ್ಟು ಬಂತು. ಹಿಮ್ಮಡಿಯಿಂದ ಮೀನಖಂಡದವರೆಗೆ ಚೂರುಚೂರಾಗಿ ಹೋಗಿರುವಾಗ ಮಂಡಿ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಲೇ ಎಂದುಕೊಂಡೆ. ಮಂಡಿಯ ಬೆಲೆ ತಿಳಿದದ್ದು ಆಮೇಲೆ, ಕೃತಕ ಕಾಲು ಜೋಡಿಸುವ ಕೇಂದ್ರದಲ್ಲಿ.

ಅಲ್ಲಿ ಅಳತೆ ಕೊಟ್ಟು ಕಾಯುವವರಿಗೆ ಒಂದು ಉದ್ದನೆಯ ಹಾಲ್ ಇತ್ತು. ಸೈನಿಕರಷ್ಟೇ ಅಲ್ಲದೆ ಗಡಿ ಪಕ್ಕದ ಹಳ್ಳಿಗಳ ಜನರೂ ಬರುತ್ತಿದ್ದರು. ನನ್ನ ಪಕ್ಕ ಒಬ್ಬ ಹೆಂಗಸು ಕೂರುತ್ತಿದ್ದಳು, ಅವ್ವನ ವಯಸ್ಸಿನವಳು. ಎರಡೂ ಕಡೆಯ ಸೈನ್ಯ ಎದುರುಬದುರು ನಿಂತಿದ್ದ ಕಾಲದಲ್ಲಿ ಇವಳ ಹೊಲಕ್ಕೆ ಮೈನು ಹೂತಿದ್ದರಂತೆ. ಆಮೇಲೆ ತೆಗೆದರು. ಎಲ್ಲ ತೆಗೆದಾಯಿತು ಎಂದು ಹೇಳಿದ ಮೇಲೆ ಹುಲ್ಲು ಕೊಯ್ಯಲು ಹೋದವಳಿಗೆ ಮಂಡಿಯ ಮೇಲಿನವರೆಗೂ ಕಾಲು ಹೋಗಿತ್ತು. ಸೇನೆಯಲ್ಲಿ ನಿನ್ನ ಕೆಲಸ ಏನು ಎಂದು ಕೇಳಿದಳು. ಹೇಳಿದೆ. ಬೈಯುತ್ತಾಳೆ ಎಂದುಕೊಂಡರೆ ಅವಳ ಮುಖ ಅರಳಿತು. "ಹಾಗಾದರೆ ಉಳಿದವು ಎಲ್ಲಿವೆ ಅಂತ ನಿನಗೆ ಗೊತ್ತಿರಬೇಕಲ್ಲ, ಮಗನೇ?" ಎಂದಳು. ಗೊತ್ತಿಲ್ಲ ತಾಯಿ ಎಂದು ಹೇಳುವಾಗ ನಾನು ನೆಲ ನೋಡುತ್ತಿದ್ದೆ.

ಅವಳೇ ನನಗೆ ಮಂಡಿಯ ಪಾಠ ಹೇಳಿದ್ದು. ನನ್ನ ಮಂಡಿಯ ಮೇಲೆ ಕೈಯಿಟ್ಟು, "ಇದು ಇದ್ದರೆ ನೀನು ಕಳೆದುಕೊಂಡಿರುವುದು ಪಾದ ಮಾತ್ರ. ಇದು ಹೋದರೆ ನಡಿಗೆಯೇ ಹೋಗುತ್ತದೆ. ಬದು ದಾಟುವುದು, ಮೆಟ್ಟಿಲು ಹತ್ತುವುದು, ಬಗ್ಗಿ ಹುಲ್ಲು ಹಿಡಿಯುವುದು, ಎಲ್ಲ ಮಂಡಿಯ ಕೆಲಸ. ಜೋಪಾನ" ಎಂದಳು. ಅದು ನಿಜ ಎಂದು ಹೊಸ ಕಾಲು ಹಾಕಿಕೊಂಡು ನಡೆದ ದಿನವೇ ಗೊತ್ತಾಯಿತು. ಅವಳು ಎರಡು ಕಂಬಿ ಹಿಡಿದು ತೊಡೆಯಿಂದ ಕಾಲನ್ನು ಬೀಸಿ ಬೀಸಿ ಮುಂದಿಡುತ್ತಿದ್ದಳು. ನಾನು ಸ್ವಲ್ಪ ದಿನಕ್ಕೆ ಕೋಲೂ ಇಲ್ಲದೆ ನಡೆದೆ. ಪ್ಯಾಂಟು ಹಾಕಿದರೆ ನೋಡಿದವರಿಗೆ ತಿಳಿಯುತ್ತಲೇ ಇರಲಿಲ್ಲ. ಗದ್ದೆಗೆ ಇಳಿಯುತ್ತೇನೆ, ಬೈಕು ಓಡಿಸುತ್ತೇನೆ, ಇನ್ನೊಬ್ಬರ ಹಂಗಿಲ್ಲದೆ ಬದುಕುತ್ತೇನೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕವೆಲ್ಲ ನಿಂತಿದ್ದದ್ದು ಮಂಡಿಯ ಮೇಲೆ.

ಊರಿಗೆ ಬಂದ ದಿನ ಅವ್ವ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನನ್ನವ್ವ ಕೆಂಪಮ್ಮ ಅಳುವ ಹೆಂಗಸಲ್ಲ. ಅಪ್ಪ ಸತ್ತಾಗಲೂ ಬಂದವರಿಗೆ ಕಾಫಿ ಕೊಟ್ಟವಳು. ಆರತಿ ಆದ ಮೇಲೆ, ಹೊರಗಿಂದ ಬಂದವರ ಕಾಲು ತೊಳೆದು ಒಳಗೆ ಕರೆದುಕೊಳ್ಳುವ ಪದ್ಧತಿಯಂತೆ ಚೊಂಬು ತಂದು, "ಬೂಟು ಬಿಚ್ಲಾ" ಎಂದಳು. ಬಿಚ್ಚಿದೆ. ಬಲಗಾಲು ತೊಳೆದಳು. ಆಮೇಲೆ ಆ ಪ್ಲಾಸ್ಟಿಕ್ ಪಾದಕ್ಕೂ ನೀರು ಹಾಕಿ, ಬೆರಳ ಸಂದಿಯ ಹಾಗೆ ಗೀಚಿದ್ದ ಗೆರೆಗಳನ್ನೂ ಉಜ್ಜಿ ತೊಳೆದು, ಸೆರಗಿನಿಂದ ಒರೆಸಿದಳು.

ನೋಡುತ್ತಿದ್ದ ನಮ್ಮ ಚಿಕ್ಕಮ್ಮ ತಡೆಯಲಾರದೆ, "ಅಲ್ಲ ಕಣಕ್ಕ, ಅದು ಚರ್ಮದ್ದೋ ಏನೋ. ಚಪ್ಲಿ ಇದ್ದಂಗೆ ತಾನೆ? ಅದುನ್ನ ಬಿಚ್ಚಿ ಈಚೆ ಮಡಗಿ ಒಳೀಕೆ ಬಂದ್ರಾಯ್ತಿತ್ತಪ್ಪ, ದ್ಯಾವರ ಮನೆ ಐತೆ" ಎಂದಳು.

ಅವ್ವ ತಿರುಗಿ ನೋಡಿದ ರೀತಿಗೆ ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಏನಂದೆ? ಚಪ್ಲಿನಾ? ನನ್ ಮಗನ್ ಕಾಲು ಕಣೆ ಅದು! ಇನ್ನೊಂದ್ಸಲ ಅಂದ್ರೆ ನಾಲ್ಗೆ ಸೀಳ್ಬುಡ್ತೀನಿ" ಎಂದಳು.

ಆಸ್ಪತ್ರೆಯಲ್ಲಿ ಅಷ್ಟು ದಿನ ಆ ಕಾಲನ್ನು ಒಂದು ಸಾಮಾನು ಎಂದೇ ನೋಡಿದ್ದೆ. ಅದನ್ನು ನನ್ನ ಕಾಲು ಎಂದು ಮೊದಲು ಹೇಳಿದವಳು ಅವ್ವ. ಬೂಟು ಎರಡನ್ನೂ ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಹೋದೆ. ಅವತ್ತಿನಿಂದ ದಿನಾ ಹಾಗೇ. ಮನೆಯೊಳಗೆ ಬರಿಗಾಲು, ಹಟ್ಟಿಯಲ್ಲಿ ಬರಿಗಾಲು, ಮಾರಮ್ಮನ ಗುಡಿಯಲ್ಲಿ ಬರಿಗಾಲು, ಗದ್ದೆಯ ಬದುವಿನ ಮೇಲೂ ಬರಿಗಾಲು. ಗದ್ದೆಗೆ ಚಪ್ಪಲಿ ಮೆಟ್ಟಿಕೊಂಡು ಇಳಿಯುವವನನ್ನು ನಮ್ಮೂರಲ್ಲಿ ಮನುಷ್ಯ ಎನ್ನುವುದಿಲ್ಲ. ಪ್ರತಿ ಸಲ ಹೊರಗಿನಿಂದ ಬಂದಾಗಲೂ ಅವ್ವ ಎರಡೂ ಕಾಲಿಗೆ ನೀರು ಹಾಕುತ್ತಿದ್ದಳು. ಕೃತಕ ಕಾಲಿನ ಕೇಂದ್ರದಲ್ಲಿ "ಬೂಟು ಹಾಕಿಯೇ ನಡೆಯಬೇಕು" ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬೀದಿಗೆ ಹೇಳಿದ ಮಾತು ಅದು ಎಂದುಕೊಂಡಿದ್ದೆ. ಅಡಿಗೆಮನೆಗೆ ಬೂಟು ಹಾಕಿಕೊಂಡು ಹೋಗು ಎಂದು ಯಾರಾದರೂ ಹೇಳುತ್ತಾರೆಯೇ? ಆ ಕೇಂದ್ರದಲ್ಲಿ ಎಲ್ಲ ಕಡೆ ಸಿಮೆಂಟು, ಎಲ್ಲರ ಕಾಲಲ್ಲೂ ಬೂಟು. ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ.

ಮೊದಲು ಒಂದು ಕೆಂಪು ಗುರುತು ಕಾಣಿಸಿತು. ಕತ್ತರಿಸಿದ ಕಾಲಿನ ತುದಿಯಲ್ಲಿ, ಮೂಳೆ ಮುಂದಕ್ಕೆ ಬಂದಿರುವ ಕಡೆ. ಹೊಸ ಚಪ್ಪಲಿ ಕಚ್ಚಿದ ಹಾಗೆ, ಹೋಗುತ್ತದೆ ಎಂದುಕೊಂಡೆ. ನನ್ನ ಹೆಂಡತಿ ಸವಿತ ಅರಿಶಿನ ಹಚ್ಚಿದಳು. ನಡೆದರೆ ಮಂಡಿ ಹಿಂದಕ್ಕೆ ಸೆಟೆದು ನೋಯುತ್ತಿತ್ತು. ಅದೂ ಅಭ್ಯಾಸವಾಗುತ್ತದೆ ಎಂದುಕೊಂಡೆ. ಸೈನ್ಯದಲ್ಲಿ ಕಲಿಸುವುದೇ ಅದು, ನೋವನ್ನು ಮಾತಾಡಿಸಬಾರದು. ಗುರುತು ಗುಳ್ಳೆಯಾಯಿತು, ಗುಳ್ಳೆ ಒಡೆದು ಹುಣ್ಣಾಯಿತು. ಒಂದು ದಿನ, ಕತ್ತರಿಸಿದ ತುದಿಗೆ ಸುತ್ತುವ ಬಟ್ಟೆ ಒಗೆಯುತ್ತಿದ್ದ ಸವಿತ ಅದನ್ನು ಮೂಗಿನ ಹತ್ತಿರ ಹಿಡಿದು, "ರೀ, ವಾಸ್ನೆ ಬತ್ತಾ ಐತೆ. ಇದು ಸರಿ ಇಲ್ಲ. ನಡೀರಿ ಮಂಡ್ಯಕ್ಕೆ" ಎಂದಳು.

ಬೆಳಕವಾಡಿಯಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಆಸ್ಪತ್ರೆಯ ಮೂಳೆ ವಿಭಾಗದ ಮುಂದಿನ ಬೆಂಚುಗಳಲ್ಲಿ ಕಾಲಿನವರೇ ತುಂಬಿದ್ದರು. ಅರ್ಧಕ್ಕರ್ಧ ಸಕ್ಕರೆ ಕಾಯಿಲೆಯವರು, ಉಳಿದವರು ಬೈಕಿನಿಂದ ಬಿದ್ದವರು. ಹನಕೆರೆಯ ನಿಂಗಮ್ಮ ಎಂಬ ಅಜ್ಜಿ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕೂತವರು, ಸವಿತಳಿಗೆ ಜಾಗ ಬಿಟ್ಟುಕೊಟ್ಟು ನನ್ನನ್ನು ಕೇಳಿದರು, "ನಿಂಗೂ ಸುಗರ್ರೇನಪ್ಪ? ಇಸ್ಟು ಸಣ್ ವಯಸ್ಗೇ?"

"ಇಲ್ಲ ಕಣಜ್ಜಿ. ಮಿಲ್ಟ್ರೀಲಿದ್ದೆ. ಮೈನು ಸಿಡೀತು."

"ಅಂಗಂದ್ರೆ?"

ಹೇಗೆ ಹೇಳುವುದು ಎಂದು ಯೋಚಿಸಿದೆ. "ಹಲಗೂರ್ ಕಡೆ ಕಾಡಂಚಲ್ಲಿ ಹಂದಿಗೆ ಮದ್ದು ಮಡುಗ್ತಾರಲ್ಲ, ಕಚ್ಚಿದ್ರೆ ಸಿಡೀತದಲ್ಲ, ಅಂಗೇ. ಇದು ಮನುಸ್ರಿಗೆ. ಮಣ್ಣೊಳಗೆ ಹೂತಿರ್ತಾರೆ. ಮೆಟ್ಟಿದ್ರೆ ಸಿಡೀತದೆ."

ಅಜ್ಜಿ ಪಾದದ ಬಟ್ಟೆ ಸರಿಮಾಡಿಕೊಂಡರು. "ಹಂದಿಗಾದ್ರೆ ತಿನ್ನಾಕೆ ಮಡುಗ್ತಾರೆ. ಮನುಸ್ರಿಗ್ಯಾಕಪ್ಪ ಮಡುಗಿದ್ರು?" ಎಂದರು.

ತರಬೇತಿಯಲ್ಲಿ ಕಲಿಸಿದ ಉತ್ತರ ನನಗೆ ಬಾಯಿಪಾಠ ಇತ್ತು. ಶತ್ರು ಒಳಗೆ ನುಗ್ಗದ ಹಾಗೆ ತಡೆಯಲು, ಗಡಿ ಕಾಯಲು. ಹೇಳಿದೆ ಕೂಡ. ಅಜ್ಜಿ "ಸಿವನೇ" ಎಂದರು. ಆಮೇಲೆ ಚೀಲದಿಂದ ಬಾಳೆಹಣ್ಣು ತೆಗೆದು ನನಗೊಂದು, ಸವಿತಳಿಗೊಂದು ಕೊಟ್ಟರು. ತಮಗೆ ತಿನ್ನುವ ಹಾಗಿರಲಿಲ್ಲ, ಆದರೂ ದಿನಾ ತರುತ್ತಿದ್ದರಂತೆ, ಪಕ್ಕದಲ್ಲಿ ಕೂತವರಿಗೆ ಕೊಡಲು.

ನನ್ನ ಹೆಸರು ಕೂಗಿದರು. ಡಾಕ್ಟರು ನಡುವಯಸ್ಸಿನ ಹೆಂಗಸು. ಹುಣ್ಣು ನೋಡಿ ಮುಖ ಗಂಟು ಹಾಕಿದರು. ಕಾಲು ಹಾಕಿಕೊಂಡು ಗೋಡೆಯವರೆಗೆ ನಡೆಯಿರಿ ಎಂದರು. ನಡೆದೆ. ಇನ್ನೊಂದು ಸಲ ಎಂದರು. ಮತ್ತೆ ನಡೆದೆ. ಅವರು ನನ್ನ ಮಂಡಿಯನ್ನು ನೋಡುವುದು ಬಿಟ್ಟು ಪಾದವನ್ನು ನೋಡಿದರು.

"ಬೂಟು ಎಲ್ಲಿ ಸಿದ್ದರಾಜು?"

"ಬಾಗಿಲಾಚೆ ಬಿಟ್ಟಿದ್ದೀನಿ ಮೇಡಂ."

"ಯಾಕೆ?"

ಡಾಕ್ಟರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ? ಬಾಗಿಲ ಹೊರಗೆ ನೋಡಿದರೆ ಎಲ್ಲರದೂ ಅಲ್ಲೇ ಇತ್ತು. ಅಜ್ಜಿಯದೂ ಇತ್ತು.

"ಮನೆಯಲ್ಲೂ ಹೀಗೇ ಬರಿಗಾಲಾ?"

"ಹೂಂ ಮೇಡಂ. ಆಚೆಯಿಂದ ಬಂದಾಗೆಲ್ಲ ಅವ್ವ ಎರಡೂ ಕಾಲಿಗೂ ನೀರು ಹಾಕ್ತಾಳೆ."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿ ತೆರೆದರು. ಆಮೇಲೆ ಸಮಾಧಾನವಾಗಿ ಹೇಳಿದರು. ಈ ಕಾಲನ್ನು ಬೂಟು ಸಮೇತ ನಿಲ್ಲಿಸಿ ಅಳತೆ ಮಾಡಿರುತ್ತಾರೆ. ಬೂಟಿನ ಹಿಮ್ಮಡಿ ಎತ್ತರ ಇರುತ್ತದೆ. ಬೂಟು ಬಿಚ್ಚಿದರೆ ಆ ಎತ್ತರ ಹೋಗಿ ಇಡೀ ಕಾಲು ಹಿಂದಕ್ಕೆ ವಾಲುತ್ತದೆ. ಒಂದೊಂದು ಹೆಜ್ಜೆಗೂ ಮೂಳೆಯ ತುದಿ, ಕಾಲು ತೂರಿಸುವ ಬಟ್ಟಲಿನ ಮುಂಬದಿಗೆ ಒತ್ತುತ್ತದೆ, ಮಂಡಿ ಹಿಂದಕ್ಕೆ ಸೆಟೆಯುತ್ತದೆ. ಅದರ ಮೇಲೆ, ತೊಳೆದಾಗಲೆಲ್ಲ ಒಳಗಿಳಿಯುವ ನೀರು. ಒದ್ದೆ ಚರ್ಮ ಬೇಗ ಕೊಳೆಯುತ್ತದೆ. ಬೇರೆಯವರಿಗಾದರೆ ಬರೀ ಹುಣ್ಣಿಗೆ ಮುಗಿಯುತ್ತಿತ್ತೇನೋ. ಮೈನು ಸಿಡಿದಾಗ ಮಣ್ಣು, ಬೂಟಿನ ಚೂರು, ಬಟ್ಟೆಯ ಎಳೆ ಎಲ್ಲ ಮಾಂಸದೊಳಗೆ ಮೇಲಕ್ಕೆ ನುಗ್ಗಿರುತ್ತವೆ. ಎಷ್ಟು ತೊಳೆದರೂ ಏನೋ ಒಂದು ಉಳಿದು ಒಳಗೇ ನಿದ್ದೆ ಮಾಡುತ್ತಿರುತ್ತದೆ. ಅದನ್ನು ಈಗ ಎಬ್ಬಿಸಿದ್ದಾಯಿತು.

"ಮಂಡಿ ಉಳಿಯುತ್ತಾ ಮೇಡಂ?" ಎಂದು ಸವಿತ ಕೇಳಿದಳು. ಕೇಳಬೇಕಾದವನು ನಾನು.

"ಪ್ರಯತ್ನ ಮಾಡೋಣಮ್ಮ" ಎಂದರು. ಆಸ್ಪತ್ರೆಗಳಲ್ಲಿ ಬದುಕಿದವನಿಗೆ ಆ ಮಾತಿನ ಅರ್ಥ ಗೊತ್ತಿರುತ್ತದೆ.

ಮನೆಗೆ ಬಂದು ಅವ್ವನಿಗೆ ಏನು ಹೇಳುವುದು ಎಂದು ಬಸ್ಸಿನುದ್ದಕ್ಕೂ ನಾವಿಬ್ಬರೂ ಮಾತಾಡಿಕೊಂಡೆವು. ಹುಣ್ಣಾಗಿದೆ, ಕಾಲು ಹಾಕಿಕೊಳ್ಳಬಾರದು ಎಂದಷ್ಟೇ ಹೇಳುವುದು ಎಂದಾಯಿತು. ಆದರೆ ಮನೆಯಲ್ಲಿ ಯಾವುದೂ ಮುಚ್ಚಿಡಲು ಆಗುವುದಿಲ್ಲ. ಚಿಕ್ಕಮ್ಮನಿಗೆ ಸವಿತ ಹೇಳಿದಳು, ಚಿಕ್ಕಮ್ಮ ಅವ್ವನಿಗೆ ಹೇಳಿದಳು. ಅವ್ವ ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನದಿಂದ ನನ್ನ ಜೊತೆ ಆಸ್ಪತ್ರೆಗೆ ತಾನೂ ಹೊರಟಳು. ಬೇಡ ಎಂದರೆ ಕೇಳಲಿಲ್ಲ.

ಆಮೇಲಿನ ತಿಂಗಳುಗಳು ಒಂದೇ ತರಹ ಇದ್ದವು. ಡ್ರೆಸಿಂಗು, ಇಂಜೆಕ್ಷನ್ನು, ಹುಣ್ಣು ಕೆರೆದು ಚೊಕ್ಕಟ ಮಾಡುವುದು, ಎಕ್ಸ್‌ರೇ, ಮತ್ತೆ ಬೆಂಚು. ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಬಸ್ಸು ಹತ್ತುವಾಗ ಕಂಡಕ್ಟರೊಬ್ಬ ಕೈ ಕೊಡುತ್ತಿದ್ದ. ನಾನು ಕೂತ ಮೇಲೆಯೇ ರೈಟ್ ಹೇಳುತ್ತಿದ್ದ, ಒಂದು ದಿನವೂ ಏನಾಯಿತು ಎಂದು ಕೇಳಲಿಲ್ಲ. ಅವನು ಕೇಳದೇ ಇದ್ದದ್ದೇ ನನಗೆ ದೊಡ್ಡ ಉಪಕಾರ. ನಿಂಗಮ್ಮಜ್ಜಿ ನಮಗೆ ಜಾಗ ಹಿಡಿದಿರುತ್ತಿದ್ದರು. ಅವ್ವನಿಗೂ ಅವರಿಗೂ ಸ್ನೇಹ ಕುದುರಿತು. ಇಬ್ಬರೂ ಸೊಸೆಯರ ದೂರು ಹೇಳಿಕೊಂಡು ನಗುತ್ತಿದ್ದರು, ಸವಿತ ಪಕ್ಕದಲ್ಲೇ ಕೂತಿದ್ದರೂ ಸಹ. ಆಗೊಂದು ಈಗೊಂದು ವಾರ ಹುಣ್ಣು ಒಣಗಿದ ಹಾಗೆ ಕಾಣುತ್ತಿತ್ತು. ನಾವು ಮಳವಳ್ಳಿಯಲ್ಲಿ ಇಳಿದು ಮೈಸೂರುಪಾಕು ತೆಗೆದುಕೊಂಡು ಹೋಗುತ್ತಿದ್ದೆವು. ಮುಂದಿನ ವಾರ ಜ್ವರ ಬರುತ್ತಿತ್ತು.

ಸ್ವಲ್ಪ ಕಾಲದ ಮೇಲೆ ಅಜ್ಜಿ ಬರುವುದು ನಿಂತಿತು. ಮತ್ತೆ ಕಂಡಾಗ ಅವರನ್ನು ಮಗ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಿದ್ದ. ಸೀರೆ ಮಂಡಿಯಿಂದ ಕೆಳಗೆ ಚಪ್ಪಟೆಯಾಗಿತ್ತು. ನನ್ನನ್ನು ನೋಡಿ, "ನಂದು ಮುಗೀತು ಕಣಪ್ಪ. ನಿಂದು ಉಳೀಲಿ" ಎಂದರು. ಆ ದಿನವೂ ಚೀಲದಲ್ಲಿ ಬಾಳೆಹಣ್ಣು ಇತ್ತು.

ನನ್ನದು ಉಳಿಯಲಿಲ್ಲ. ಸೋಂಕು ಮೂಳೆ ಹಿಡಿದು ಮಂಡಿಯ ಕೀಲಿನೊಳಗೆ ಹೋಗಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾ ಏನೇನೋ ಹೇಳಿದರು. ನನಗೆ ಕೇಳಿಸಿದ್ದು "ಮೇಲಿಂದ" ಎನ್ನುವ ಒಂದೇ ಪದ. ಗಡಿಯಲ್ಲಿ ಕಾಲು ಹೋದಾಗ ನನಗೆ ಭಯವಾಗಿರಲಿಲ್ಲ, ಭಯಪಡಲು ಸಮಯವೇ ಸಿಕ್ಕಿರಲಿಲ್ಲ. ಈ ಸಲ ಎಲ್ಲ ಗೊತ್ತಿದ್ದು, ಸಹಿ ಹಾಕಿ, ನನ್ನ ಕಾಲಿನಲ್ಲಿ ನಾನೇ ಕುಂಟಿಕೊಂಡು ಹೋಗಿ ಮಲಗಬೇಕಿತ್ತು. ಮಲಗುವ ಮುಂಚೆ ಹೊದಿಕೆಯ ಕೆಳಗೆ ಮಂಡಿಯನ್ನು ಮಡಚಿ, ನೀಡಿ, ಮತ್ತೆ ಮಡಚಿ ನೋಡಿದೆ. ನೋಯುತ್ತಿತ್ತು, ಆದರೆ ಮಡಚುತ್ತಿತ್ತು. ನಾನು ಅತ್ತೆ. ನಾಚಿಕೆಯಿಲ್ಲದೆ, ನರ್ಸುಗಳ ಎದುರಿಗೇ ಅತ್ತೆ.

ಆಪರೇಷನ್ ಆಗಿ ವಾರ್ಡಿಗೆ ತಂದಾಗ ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಸ್ಟೂಲು ಕೊಟ್ಟರೂ ಕೂರಲಿಲ್ಲ. ಹೊದಿಕೆ ತಗ್ಗಾಗಿದ್ದ ಕಡೆ ಕೈಯಾಡಿಸಿದಳು. "ಆ ಪಾಪಿ ಮದ್ದು ಬುಟ್ಟಿದ್ ಮಂಡೀನ ನಾನು ತಗದ್ನಲ್ಲೋ ಮಗ" ಎಂದಳು.

"ಅಂಗಲ್ಲ ಕಣವ್ವ. ನಿಂಗೇನ್ ಗೊತ್ತಿತ್ತು? ನಂಗೇ ಗೊತ್ತಿರ್ನಿಲ್ಲ."

"ನಿನ್ ಚಿಕ್ಕವ್ವ ಚಪ್ಲಿ ಅಂದ್ಲು ಕಣ್ಲಾ. ಅವ್ಳು ಏಳ್ದಂಗೆ ಕೇಳಿದ್ರೆ ಉಳೀತಿತ್ತು. ನಾನು ಕಾಲು ಅಂದೆ."

ಅವ್ವ ಈಗ ಯಾರು ಮನೆಗೆ ಬಂದರೂ ಕಾಲಿಗೆ ನೀರು ಕೊಡುವುದಿಲ್ಲ. ಚೊಂಬನ್ನು ಸವಿತಳೇ ತಂದಿಡಬೇಕು. ಅವ್ವ ಒಳಗೆ ಎದ್ದು ಹೋಗುತ್ತಾಳೆ. ನೀನು ತಪ್ಪು ಮಾಡಿಲ್ಲ ಎಂದು ನಾನು ಹೇಳಿದಷ್ಟೂ ಅವಳು ಕುಗ್ಗುತ್ತಾಳೆ. ಆದ್ದರಿಂದ ಹೇಳುವುದನ್ನೂ ಬಿಟ್ಟಿದ್ದೇನೆ.

ತೊಡೆಗೆ ಹೊಸ ಕಾಲು ಕೊಟ್ಟಿದ್ದಾರೆ. ಅದರಲ್ಲಿ ಕಬ್ಬಿಣದ ಮಂಡಿ ಇದೆ. ಬದುವಿನ ಮೇಲೆ ಅದು ತನಗೆ ಬೇಕಾದಾಗ ಮಡಚಿ ನನ್ನನ್ನು ಕೆಡವುತ್ತದೆ. ಗದ್ದೆಯನ್ನು ಬೇರೆಯವರಿಗೆ ವಾರಕ್ಕೆ, ಬೆಳೆಯಲ್ಲಿ ಪಾಲಿನ ಲೆಕ್ಕಕ್ಕೆ, ಕೊಟ್ಟಿದ್ದೇವೆ. ಮನೆಯಲ್ಲಿ ಊರುಗೋಲೇ ಹಗುರ. ಹೋದ ಪಾದ ಈಗಲೂ ತುರಿಸುತ್ತದೆ, ಹೋದ ಮಂಡಿ ಈಗಲೂ ಚಳಿಗೆ ನೋಯುತ್ತದೆ. ಇದು ಕಮ್ಮಿಯಾಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ, ನನಗಂತೂ ಆಗಿಲ್ಲ ಎಂದು ನಾನು ಹೇಳುತ್ತೇನೆ.

ಈಚೆಗೆ ಮದ್ದೂರಿನ ಹತ್ತಿರದ ಹಳ್ಳಿಯೊಂದರ ಯೋಧ ನವೀನನಿಗೂ ನನ್ನ ಹಾಗೇ ಆಯಿತು ಎಂದು ದಳದಲ್ಲಿ ನನ್ನ ಜೊತೆಯಲ್ಲಿದ್ದವರೊಬ್ಬರು ಫೋನು ಮಾಡಿದರು. ಬೇರೆ ಗುಡ್ಡ, ಅದೇ ಮಳೆ, ಅದೇ ಜಾತಿಯ ಮೈನು. ಮಂಡಿ ಉಳಿದಿದೆ ಎಂದರು. ಅವನು ಇನ್ನೂ ಕೃತಕ ಕಾಲಿನ ಕೇಂದ್ರದಲ್ಲಿದ್ದಾಗಲೇ ಫೋನು ಮಾಡಿ, "ತಮ್ಮಾ, ಮನೆ ಒಳಗೂ ಬೂಟು ಬಿಚ್ಬೇಡ" ಎಂದು ಎಲ್ಲ ವಿವರವಾಗಿ ಹೇಳಿದೆ. "ಆಯ್ತು ಕಣಣ್ಣ, ಕಂಡಿತ" ಎಂದ. ಬಹಳ ದಿನಗಳ ಮೇಲೆ ನನ್ನಿಂದ ಒಂದು ಉಪಯೋಗವಾಯಿತು ಎನ್ನಿಸಿತು. ಅವನು ಊರಿಗೆ ಬಂದ ಸುದ್ದಿ ತಿಳಿದು ಸವಿತಳ ಜೊತೆ ನೋಡಲು ಹೋದೆ.

ಬಾಗಿಲ ಹೊರಗೆ ಅವನ ಬೂಟು ಎರಡೂ ಜೋಡಿಯಾಗಿದ್ದವು. ಒಳಗಿನಿಂದ ಅವನೇ ನಗುನಗುತ್ತಾ ನಡೆದು ಬಂದ. ಪ್ಲಾಸ್ಟಿಕ್ ಪಾದದ ಮೇಲೆ ಯಾರೋ ಅರಿಶಿನ ಕುಂಕುಮ ಇಟ್ಟಿದ್ದರು.

ನಾನು ಕೂಗಾಡಿದೆ. ಮೊದಲ ಸಲ ಹೋದ ಮನೆ, ಅವರು ಏನೆಂದುಕೊಳ್ಳುತ್ತಾರೆ ಎಂದೂ ನೋಡಲಿಲ್ಲ. ನನ್ನ ಪ್ಯಾಂಟು ಎತ್ತಿ ಕಬ್ಬಿಣದ ಮಂಡಿ ತೋರಿಸಿದೆ. ನವೀನನ ತಾಯಿ ಬಾಯಿಗೆ ಸೆರಗು ಹಿಡಿದು ಕೇಳಿಸಿಕೊಂಡರು. ಎದ್ದು ಹೊರಗೆ ಹೋಗಿ ಬೂಟು ತಂದರು. ತಮ್ಮ ಸೆರಗಿನಿಂದಲೇ ಅದರ ತಳ ಒರೆಸಿ, ಮಗನ ಮುಂದೆ ಕೂತು ತಾವೇ ಕಾಲಿಗೆ ಹಾಕಿ ಲೇಸು ಕಟ್ಟಿದರು. "ದ್ಯಾವ್ರು ಏನಾರ ಅನ್ಕಳ್ಳಿ ಸಾ. ಇನ್ ಬಿಚ್ಚಾಕಿಲ್ಲ" ಎಂದರು. ಸವಿತ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

ಊಟಕ್ಕೆ ಏಳಿ ಎಂದರು. ನನಗೂ ಸವಿತಳಿಗೂ ಕುರ್ಚಿ ಹಾಕಿದರು. ನವೀನನಿಗೆ ಅಭ್ಯಾಸದಂತೆ ನೆಲದ ಮೇಲೆ ಎಲೆ ಹಾಸಿದರು. ಮುದ್ದೆ ಬಂತು, ಸಾರು ಬಂತು. ಅವನು ಎಲೆಯ ಹತ್ತಿರ ಬಂದು ನಿಂತ. ಗೋಡೆಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಲೇಸು ಸಡಿಲಿಸಿ, ಬೂಟು ಬಿಚ್ಚಿ ಪಕ್ಕಕ್ಕೆ ಸರಿಸಿದ. ಅವನ ತಾಯಿ ಆ ಬೂಟನ್ನು ಎತ್ತಿಕೊಂಡು ಹೊರಗೆ ಇಟ್ಟು ಬಂದು, ಕೈ ತೊಳೆದುಕೊಂಡು ಅನ್ನದ ಪಾತ್ರೆ ಹಿಡಿದರು.

"ನವೀನ" ಎಂದೆ.

ಅವನಿಗೆ ಆಗ ಅರಿವಾಯಿತು. "ಉಣ್ಣಾಕ್ ಕುಂತ್ಕಳಕೆ ಅಲ್ವಾ ಅಣ್ಣ? ಎಲೆ ಮುಂದೆ ಎಂಗೆ..." ಎಂದು ನಾಚಿಕೊಂಡು ನಕ್ಕ. "ಉಂಡೇಟ್ಗೆ ಆಕ್ಕತೀನಿ."

ಮಂಡಿ ಮಡಚಿ, ಯಾರ ಸಹಾಯವೂ ಇಲ್ಲದೆ ಸಲೀಸಾಗಿ ನೆಲದ ಮೇಲೆ ಕೂತ. ಅವನು ಮುದ್ದೆ ಮುರಿಯುತ್ತಿದ್ದ. ಅನ್ನ ಇಕ್ಲಾ ಸಾ ಎಂದು ಅವನ ತಾಯಿ ನನ್ನನ್ನು ಎರಡು ಸಲ ಕೇಳಿದರಂತೆ, ಸವಿತ ಆಮೇಲೆ ಹೇಳಿದಳು. ನಾನು ಅವನ ಮಂಡಿಯನ್ನೇ ನೋಡುತ್ತಾ ಕೂತಿದ್ದೆ.